ಒಂದು ಈಡು ಗುರೆಳ್ಳು ಪುಡಿ

"ಈ ಥಂಡಿ ಮುಗಿಯೂದ್ರಾಗ ಆರು ಮಂದಿ ಹೊಸಬರನ್ನ ಪಕ್ಕಾ ಬೇಟೆಗಾರರನ್ನ ಮಾಡ್ಲಿಲ್ಲಂದ್ರ ನನ್ನ ಹೆಸರು ಅಭಿಜೀತನ ಅಲ್ಲ!"

ಎಮಿರೇಟ್ಸಿನ ಅಲ್ ರೀಮ್ ಐಲ್ಯಾಂಡಿನ ನಮ್ಮ ಇಪ್ಪತ್ತೇಳನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು, ಸಮುದ್ರದ ಕಡೆ ಕೈ ಚಾಚಿ ನಾನು ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಎದುರಿನ ಕಟ್ಟಡದ ಕ್ರೇನು ಕೂಡ ಒಂದು ಕ್ಷಣ ತಿರುಗುವುದನ್ನು ಬಿಟ್ಟು ನನ್ನನ್ನೇ ನೋಡಿತು. ಬೆರಗಾಗದೆ ಉಳಿದವಳು ನನ್ನ ಹೆಂಡತಿ ಮಾಧುರಿ ಒಬ್ಬಳೇ. ಅವಳು ಒಣಗಿದ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಳು.

"ಹೆಸರು ಬದಲಿ ಮಾಡಿದ್ರ ಎಮಿರೇಟ್ಸ್ ಐಡಿ, ವೀಸಾ, ಕಾರಿನ ಕಾಗದ ಮುಲ್ಕಿಯಾ ಎಲ್ಲಾ ಬದಲಿ ಮಾಡಿಸ್ಬೇಕಾಗ್ತೈತ್ರಿ. ಯೋಚನಿ ಮಾಡಿ ಮಾತಾಡ್ರಿ" ಎಂದಳು.

ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ನಾನು ಏಸಿ ಡಕ್ಟುಗಳ ನಕ್ಷೆ ಬರೆಯುವವನು, ನಿಜ. ಆದರೆ ನನ್ನ ಮೈಯಲ್ಲಿ ಹರಿಯುವುದು ಬೇಟೆಗಾರರ ರಕ್ತ! ನಮ್ಮ ಮುತ್ತಜ್ಜ ಗಜೇಂದ್ರಗಡದ ಗುಡ್ಡದಲ್ಲಿ ಒಂದೇ ಈಡಿಗೆ ಎರಡು ಹಂದಿ ಕೆಡವಿದ್ದನಂತೆ.

"ಹೋದ ವರ್ಷ ಒಂದ ಹಂದಿ ಇತ್ತಲ್ರೀ?" ಎಂದಳು ಮಾಧುರಿ.

ಮನೆಯವರಿಗೆ ಇತಿಹಾಸಪ್ರಜ್ಞೆ ಕಡಿಮೆ. ಇರಲಿ.

ಈ ಪ್ರತಿಜ್ಞೆಗೆ ಕಾರಣರಾದವರು ಯಾಕೂಬ್. ಕರಾವಳಿಯವರೆಲ್ಲ ಅವರನ್ನು ಯಾಕೂಬಾಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬೆಳ್ತಂಗಡಿ ಕಡೆಯವರು, ಅರವತ್ತು ದಾಟಿದವರು. ಅಲ್ ಐನ್ ದಾರಿಯಲ್ಲಿ ಒಂದು ಗಂಟೆ ಹೋದರೆ ಮರಳಿನ ನಡುವೆ ಇರುವ ಶೂಟಿಂಗ್ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಳೆಯ ಕೇಪಿನ ಕೋವಿಗಳನ್ನು ನೋಡಿಕೊಂಡು, ಹೊಸಬರಿಗೆ ಅವುಗಳಲ್ಲಿ ಬೇಟೆ ಕಲಿಸುತ್ತಿದ್ದಾರೆ. ಕೇಪಿನ ಕೋವಿಯೆಂದರೆ ತೋಟೆ ತುರುಕಿ ಢಂ ಎನ್ನಿಸುವ ಈಗಿನ ಬಂದೂಕಲ್ಲ. ನಳಿಗೆಯ ಬಾಯಿಂದ ಮೊದಲು ಕರಿ ಮದ್ದು ಸುರಿಯಬೇಕು. ಆಮೇಲೆ ಬಟ್ಟೆ ತುಂಡಿನಲ್ಲಿ ಕೂರಿಸಿದ ಸೀಸದ ಗುಂಡು. ಅದನ್ನು ಗಜ ಎನ್ನುವ ಉದ್ದನೆಯ ಕೋಲಿನಿಂದ ತಳದವರೆಗೆ ದೂಡಬೇಕು. ಕೊನೆಗೆ ಹಿಂಬದಿಯಲ್ಲಿ ಕಡಲೆ ಗಾತ್ರದ ತಾಮ್ರದ ಕೇಪು. ಇಷ್ಟೆಲ್ಲ ಷೋಡಶೋಪಚಾರ ಮಾಡಿದರೆ ಸಿಗುವುದು ಒಂದೇ ಒಂದು ಈಡು! ತಪ್ಪಿದರೆ ಪೂಜೆ ಮತ್ತೆ ಮೊದಲಿನಿಂದ.

ಇಲ್ಲಿ ಜೀವಂತ ಪ್ರಾಣಿಯ ತಂಟೆಗೆ ಯಾರೂ ಹೋಗುವುದಿಲ್ಲ. ಕ್ಲಬ್ಬಿನ ಹಿಂದಿನ ಮರಳು ದಿಬ್ಬಗಳಲ್ಲಿ ತಗಡಿನ ಮೊಲ, ತಗಡಿನ ಜಿಂಕೆ ಅಲ್ಲಲ್ಲಿ ಅಡಗಿ ನಿಂತಿರುತ್ತವೆ. ಗಾಳಿ ನೋಡಿ, ಸಪ್ಪಳವಿಲ್ಲದೆ ಹತ್ತಿರ ಹೋಗಿ, ಆ ಒಂದೇ ಈಡಿನಲ್ಲಿ ಹೊಡೆಯಬೇಕು. ಪ್ರಾಣಿ ತಗಡಿನದಾದರೂ ಯಾಕೂಬಾಕರ ನಿಯಮಗಳೆಲ್ಲ ಕಾಡಿನವು.

ಹಿಂದಿನ ಚಳಿಗಾಲದಲ್ಲಿ ಈ ತರಗತಿಗೆ ಬಂದವರು ಇಬ್ಬರೇ. ಹೊಸದಾಗಿ ಬಂದ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟರು: ಈ ಸಲ ಆರು ಮಂದಿ ಹೊಸಬರು ಸೇರಬೇಕು, ನಾಲ್ಕನೆಯ ಶನಿವಾರ ತಮ್ಮ ಕಣ್ಣೆದುರು ಒಬ್ಬೊಬ್ಬರೂ ಸರಿಯಾಗಿ ಈಡು ಹೊಡೆದು ತೋರಿಸಬೇಕು. ಇಲ್ಲವಾದರೆ ಖಲಾಸ್! ಕೋವಿಗಳು ಗಾಜಿನ ಕಪಾಟಿಗೆ, ಯಾಕೂಬಾಕ ಮುಂಬಾಗಿಲಲ್ಲಿ ಟಿಕೆಟ್ ಹರಿಯುವುದಕ್ಕೆ.

ಎರಡು ಚಳಿಗಾಲ ಅವರ ಕೈಕೆಳಗೆ ಕಲಿತವನು ನಾನು. ಸುಮ್ಮನಿರಲಾದೀತೇ? "ನಾ ಅದೀನಿ ಯಾಕೂಬಾಕ! ಮಂದಿ ಹುಡುಕೂದು ನಂದು, ತಯಾರು ಮಾಡೂದೂ ನಂದು!" ಎಂದು ಎದೆ ತಟ್ಟಿ ಸಹಾಯಕ ಗುರುವಾಗಿ ನನ್ನನ್ನು ನಾನೇ ನೇಮಿಸಿಕೊಂಡೆ.

ಆಫೀಸಿನಿಂದ ಮೂವರನ್ನು ಎಳೆದೆ. ಪಕ್ಕದ ಫ್ಲ್ಯಾಟಿನ ನಾಝಿಯಾ ತಾನಾಗಿಯೇ ಬಂದಳು. ನಮ್ಮ ಐಲ್ಯಾಂಡಿನಲ್ಲೇ ಇದ್ದು, ದಿನಾ ದುಬೈಯ ಜುಮೇರಾ ಲೇಕ್ ಟವರ್ಸಿಗೆ ಲೆಕ್ಕಪತ್ರ ತಪಾಸಣೆಗೆ ಹೋಗಿ ಬರುವ ನನ್ನ ಗೆಳೆಯ ವಿಕ್ಟರ್ ಒಪ್ಪಿಕೊಂಡ. ಇನ್ನೂ ಒಬ್ಬರು ಬೇಕು! ಮಾಧುರಿಯ ಕಡೆ ನೋಡಿದೆ.

"ಏನ್ರೀ ಹಂಗ ನೋಡಾಕತ್ತೀರಿ? ನಾ ಔಷಧ ಅಂಗಡಿಯಾಗ ಆರು ದಿನ ನಿಂತು ಬರಾಕಿ. ಏಳನೇ ದಿನ ಬಂದೂಕು ಹಿಡೀಲ್ಯಾ?"

"ಒಬ್ಬ ವಯಸ್ಸಾದ ಮನುಷ್ಯಾನ ಕೆಲಸ ಉಳೀತೈತಿ ನೋಡು."

ಅವಳು ಅವತ್ತೂ ಜೋಡಿಸುತ್ತಿದ್ದ ಕಾಲುಚೀಲ ಕೆಳಗಿಟ್ಟಳು. "ಹಂಗಾದ್ರ ಬರ್ತೇನಿ. ನಿಮ್ಮ ಸಲುವಾಗಿ ಅಲ್ಲ ಮತ್ತ."

ಮೊದಲ ಶನಿವಾರ ಯಾಕೂಬಾಕ ಯಾರ ಕೈಗೂ ಕೋವಿ ಕೊಡಲಿಲ್ಲ. ವಿಕ್ಟರ್ ಬೇಟೆಗಾರನ ಟೋಪಿ, ಹದಿನೆಂಟು ಜೇಬಿನ ಅಂಗಿ ಹಾಕಿಕೊಂಡು ಬಂದಿದ್ದ. "ಕೋವಿ ಎಲ್ಲಿ?" ಎಂದ.

"ಎಂತ ಅವಸರ ಮಾರಾಯ್ರೆ? ಕೋವಿ ಎಲ್ಲಿಗೂ ಓಡಿ ಹೋಗುದಿಲ್ಲ. ಓಡಿ ಹೋಗುದು ಜಿಂಕೆ" ಎಂದರು ಅವರು. ಮರಳಿನ ಮೇಲೆ ಒಂದು ತಗಡಿನ ಜಿಂಕೆ ನಿಲ್ಲಿಸಿ, ಅದರ ಪಕ್ಕದಲ್ಲೇ ನಮಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕುಳಿತುಬಿಟ್ಟರು. ಒಬ್ಬೊಬ್ಬರೂ ನಡೆದು ಬಂದು ಅವರ ಭುಜ ಮುಟ್ಟಬೇಕು. ಸಪ್ಪಳ ಕೇಳಿದರೆ ಅವರು ಕೈ ಎತ್ತುತ್ತಾರೆ. ಕೈ ಎತ್ತಿದರೆ ಜಿಂಕೆ ಓಡಿತು ಅಂತ ಅರ್ಥ.

ವಿಕ್ಟರ್ ನಾಲ್ಕನೆಯ ಹೆಜ್ಜೆಗೆ ಸಿಕ್ಕಿಬಿದ್ದ. ನನ್ನ ಆಫೀಸಿನವರು ಹತ್ತು, ಹನ್ನೆರಡು, ಒಂಬತ್ತು. ನಾಝಿಯಾ ಬಹಳ ಹತ್ತಿರ ಹೋಗಿ ನಕ್ಕುಬಿಟ್ಟಳು. ಮಾದರಿ ತೋರಿಸುತ್ತೇನೆಂದು ಹೊರಟ ಸಹಾಯಕ ಗುರುವಿಗೆ ಎರಡನೆಯ ಹೆಜ್ಜೆಗೇ ಕೈ ಎದ್ದಿತು! ಮೊಣಕಾಲು ಲಟಕ್ಕೆಂದರೆ ನಾನೇನು ಮಾಡಲಿ? ಕೊನೆಗೆ ಮಾಧುರಿ ಚಪ್ಪಲಿ ಬಿಟ್ಟು ಹೊರಟಳು. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಹೋಗಿ, ಯಾಕೂಬಾಕರ ಭುಜವನ್ನು ಮೆಲ್ಲಗೆ ಮುಟ್ಟಿದಳು. ಆ ಮನುಷ್ಯ ಬೆಚ್ಚಿಬಿದ್ದರು!

"ಅಲ್ಲಾ! ಇದು ಎಲ್ಲಿ ಕಲಿತದ್ದು ಅಮ್ಮಾ?"

"ಇವರ ನಿದ್ದಿ ಕೆಡಬಾರ್ದಂತ ಹದಿನೈದು ವರ್ಷದಿಂದ ದಿನಾ ಮುಂಜಾನಿ ಅಡಗಿಮನಿಗೆ ಹಿಂಗ ಹೊಂಟೇನ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಳ್ಳೆಂದಿತು. ಹದಿನೈದು ವರ್ಷ ಅಡುಗೆಮನೆ ತಂತಾನೇ ಎಚ್ಚರವಾಗುತ್ತದೆಂದು ನಾನು ತಿಳಿದಿದ್ದೆ.

ಯಾಕೂಬಾಕರನ್ನು ನೋಡಿದಷ್ಟೂ ನನಗೆ ಬೆರಗು. ಶಬ್ದಕ್ಕೆ ಹೆದರುತ್ತಿದ್ದ ನಾಝಿಯಾಳನ್ನು ಅವರು ಒಂದು ದಿನವೂ "ಹೆದರಬೇಡ" ಎನ್ನಲಿಲ್ಲ. ದೂರದಲ್ಲಿ ಕೂರಿಸಿ ಒಂದು ಈಡು ಕೇಳಿಸಿದರು. ಆಮೇಲೆ ಹತ್ತು ಹೆಜ್ಜೆ ಹತ್ತಿರ, ಮತ್ತೊಂದು ಈಡು. ಹೀಗೆ ನಡೆಸಿಕೊಂಡು ಬಂದು ಕೊನೆಗೆ ಕೋವಿಯ ಪಕ್ಕದಲ್ಲೇ ನಿಲ್ಲಿಸಿದಾಗ ಅವಳು ಹೆದರುವುದನ್ನೇ ಮರೆತಿದ್ದಳು. ಗುರಿ ತಪ್ಪಿದವನಿಗೆ ಬೈಗುಳವಿಲ್ಲ. "ತಪ್ಪಿತಾ? ಒಳ್ಳೆದಾಯ್ತು. ಆ ಮೊಲಕ್ಕೂ ಹೆಂಡತಿ ಮಕ್ಕಳು ಉಂಟಲ್ಲ" ಎನ್ನುವರು. ಇಂಥ ಗುರುವನ್ನು ಟಿಕೆಟ್ ಹರಿಯಲು ಕೂರಿಸುವುದುಂಟೇ?

ಆದ್ದರಿಂದ ನಾನು ಮನೆಯಲ್ಲೂ ತಾಲೀಮು ಶುರುಮಾಡಿದೆ. ಕ್ಲಬ್ಬಿನಿಂದ ಕೋವಿಯನ್ನಾಗಲಿ ಮದ್ದನ್ನಾಗಲಿ ಒಂದು ಚಿಟಿಕೆಯೂ ಹೊರಗೆ ತರುವ ಹಾಗಿಲ್ಲ. ನನ್ನ ಬುದ್ಧಿ ಓಡಿತು. ವ್ಯಾಕ್ಯೂಮ್ ಕ್ಲೀನರಿನ ಉದ್ದನೆಯ ಪೈಪು ನಳಿಗೆಯಾಯಿತು. ಪರದೆ ಕೋಲು ಗಜವಾಯಿತು. ನನ್ನ ಬನಿಯನ್ನು ಹರಿದು ಬಟ್ಟೆ ತುಂಡಾಯಿತು. ಗುಂಡಿಗೆ ಶೇಂಗಾ ಉಂಡಿ! ಪೈಪಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮದ್ದಿಗೆ? ಕರಿ ಬಣ್ಣ, ತರಿತರಿ, ಸುರಿದರೆ ಸರ್‍ರನೆ ಇಳಿಯಬೇಕು. ನಮ್ಮ ಅತ್ತೆ ಚನ್ನಬಸವ್ವ ಗಜೇಂದ್ರಗಡದಿಂದ ಕಳಿಸಿದ ಗುರೆಳ್ಳು ಚಟ್ನಿಪುಡಿಗಿಂತ ಬೇರೆ ಬೇಕೇ? ಪಕ್ಕದಲ್ಲಿಟ್ಟು ನೋಡಿದರೆ ಯಾಕೂಬಾಕರೂ ಮೋಸಹೋಗಬೇಕು!

"ನಮ್ಮವ್ವ ಹುರಿದು ಕುಟ್ಟಿ ಕಳಿಸಿದ್ದು ರೊಟ್ಟಿಗ್ರಿ, ಯುದ್ಧಕ್ಕಲ್ಲ!"

"ವಿದ್ಯಾದಾನಕ್ಕ ಹೊಂಟೈತಿ ತಿಳ್ಕೋ!"

ಇಲ್ಲಿನ ಹಳೆ ಪೇಟೆ ಸೂಕಿನಲ್ಲಿ ಯಾಕೂಬಾಕರ ಮದ್ದಿನ ಕುಪ್ಪಿಯಂಥದ್ದೇ ಒಂದು ಹಿತ್ತಾಳೆಯ ಕುಪ್ಪಿ ಸಿಕ್ಕಿತು. ಅದಕ್ಕೆ ಚಟ್ನಿಪುಡಿ ತುಂಬಿ, ಪಟ್ಟಿ ಕಟ್ಟಿ ಎದೆಗೆ ಇಳಿಬಿಟ್ಟುಕೊಂಡೆ. ಎರಡು ವಾರ ಪ್ರತಿ ಸಂಜೆ ನಮ್ಮ ಹಾಲಿನಲ್ಲಿ ಆರೂ ಜನ ಸಾಲಾಗಿ ನಿಲ್ಲುವರು. "ಪುಡಿ! ಬಟ್ಟಿ! ಉಂಡಿ! ಗಜ! ಕೇಪು!" ನಾನು ಕೂಗುವುದು, ಕುಪ್ಪಿ ಎತ್ತಿ ಅಳತೆಗೆ ಸುರಿಯುವುದು. ಎದೆಯ ಮೇಲಿನ ಕುಪ್ಪಿಗೆ ಕೈ ತಾನಾಗಿ ಹೋಗುವಷ್ಟು ರೂಢಿಯಾಯಿತು. ಒಂದು ಶನಿವಾರ ಸಂಜೆ ವಿಕ್ಟರ್ ತುಂಬಿಟ್ಟ ಪೈಪನ್ನು ಖಾಲಿ ಮಾಡಲು ಮರೆತೆ. ಮರುದಿನ ಮಾಧುರಿ ಅದನ್ನೇ ಮಷೀನಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಮಷೀನು ಹೆರಿಗೆ ನೋವಿನವಳಂತೆ ನರಳಿ, ಶೇಂಗಾ ಉಂಡಿ ನುಂಗಿ, ಹಿಂದಿನ ಜಾಲರಿಯಿಂದ ಕಪ್ಪು ಧೂಳು ಕಾರಿತು! ಬಿಳಿ ಸೋಫಾ ಇದ್ದಿಲು ಗೂಡಿನಿಂದ ಬಂದಂತಾಯಿತು.

"ಬ್ಯಾಟಿಗಾರ್ರು ಸೋಫಾ ಉಜ್ಜಲಿ" ಎಂದು ಅವಳು ಬ್ರಷ್ ಕೈಗಿಟ್ಟಳು. ಮಧ್ಯಾಹ್ನದವರೆಗೆ ಉಜ್ಜಿದೆ.

ನಾಲ್ಕನೆಯ ಶನಿವಾರ ಬಂತು. ಬೆಳಿಗ್ಗೆ ಕ್ಲಬ್ಬಿನ ಕಾರ್ ಪಾರ್ಕಿನಲ್ಲೇ ಮಾಧುರಿ ಎಲ್ಲರಿಗೂ ರೊಟ್ಟಿ, ಚಟ್ನಿಪುಡಿ ಕೊಟ್ಟಳು. ಎಲ್ಲರ ಬೆರಳಿಗೂ ಬಳ್ಳೊಳ್ಳಿ ವಾಸನೆ. ತಿಂದಾದ ಮೇಲೆ ಕೊನೆಯ ತಾಲೀಮೆಂದು ಕುಪ್ಪಿಯನ್ನು ಕೊರಳಿಗೆ ಹಾಕಿಕೊಂಡೆ. ಗುಂಡು ತುಂಬುವ ಮೇಜಿನ ಹತ್ತಿರ ಒಂದೇ ಕುಪ್ಪಿ ಇರಬೇಕು, ತಿನ್ನುವ ವಸ್ತು ಸುತರಾಂ ಕೂಡದು ಎನ್ನುವುದು ಯಾಕೂಬಾಕರ ಮೊದಲ ನಿಯಮ. ತೆಗೆದಿಡಬೇಕಿತ್ತು. ಆದರೆ ಖಾಕಿ ಅಂಗಿಯ ಮೇಲೆ ಹಿತ್ತಾಳೆ ಕುಪ್ಪಿ ಹೊಳೆಯುತ್ತಿದ್ದರೆ ಗುರುವಿಗೊಂದು ಗತ್ತು. ಮೇಲೊಂದು ಜಾಕೀಟು ಹಾಕಿ ಮುಚ್ಚಿಕೊಂಡೆ.

ಮ್ಯಾನೇಜರ್ ಬಿಳಿ ಕಂದೂರ ನಿಲುವಂಗಿಯಲ್ಲಿ ಬಂದು ಕುರ್ಚಿಯಲ್ಲಿ ಕುಳಿತರು. ಮೊದಲ ಈಡು ವಿಕ್ಟರನದು. ಕೋವಿ ತುಂಬಿಕೊಡುವ ಗೌರವ ನನ್ನದು.

"ನಿಧಾನ, ಅಭಿಜೀತರೇ" ಎಂದರು ಯಾಕೂಬಾಕ.

ನಿಧಾನವೇ? ನಾನು ಮ್ಯಾನೇಜರರ ಕಣ್ಣು ಕುಕ್ಕಬೇಕು! ಯಾಕೂಬಾಕ ವಿಕ್ಟರನನ್ನು ಗುರಿಯೆದುರು ನಿಲ್ಲಿಸಲು ಅತ್ತ ತಿರುಗಿದರು. ಜಾಕೀಟು ಹಿಂದಕ್ಕೆ ಎಸೆದೆ. "ಪುಡಿ!" ಎಂದು ಗರ್ಜಿಸಿದೆ. ಕುಪ್ಪಿ ಎತ್ತಿದೆ, ಅಳತೆಗೆ ಸುರಿದೆ, ನಳಿಗೆಗೆ ಇಳಿಸಿದೆ. ಬಟ್ಟೆ, ಗುಂಡು, ಗಜ! ಗಜದ ಮೇಲೆ ಯಾಕೂಬಾಕ ಒಂದು ಗೆರೆ ಕೊರೆದಿಟ್ಟಿದ್ದಾರೆ. ಮದ್ದು, ಗುಂಡು ಸರಿಯಾಗಿ ಕೂತಿದ್ದರೆ ಆ ಗೆರೆ ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುತ್ತದೆ. ನಿಂತಿತು! ಯಾಕೂಬಾಕ ಬಗ್ಗಿ ನೋಡಿ ತಲೆಯಾಡಿಸಿದರು. ವಿಕ್ಟರ್ ಕೇಪು ಇಟ್ಟ, ಗುರಿ ಹಿಡಿದ, ಎಳೆದ.

ಟಪ್.

ಅಷ್ಟೇ. ತಗಡಿನ ಮೊಲ ನಮ್ಮನ್ನು ನೋಡುತ್ತಲೇ ಇತ್ತು.

"ಯಾರೂ ಅಲ್ಲಾಡಬೇಡಿ. ಕೋವಿ ಬಾಯಿ ಆ ಕಡೆಯೇ ಇರಲಿ" ಎಂದು ಯಾಕೂಬಾಕ ವಿಕ್ಟರನ ಕೈಗೆ ಕೈ ಕೊಟ್ಟು, ಮನಸ್ಸಿನಲ್ಲೇ ಎಣಿಸುತ್ತ ಕಾದರು. ಆಮೇಲೆ ಹೊಸ ಕೇಪು. ಟಪ್. ಮತ್ತೊಂದು. ಟಪ್. ಗಜ ಹಾಕಿ ಮತ್ತೆ ಅಳೆದರು. ಗೆರೆ ಸರಿಯಾಗಿದೆ! ಮದ್ದು ಇರಬೇಕಾದ ಜಾಗದಲ್ಲಿ ಏನೋ ಇದೆ, ಆದರೆ ಉರಿಯುತ್ತಿಲ್ಲ.

ಮ್ಯಾನೇಜರ್ ಎದ್ದು ಬಂದರು. "ಮದ್ದಿಗೆ ತೇವ ತಗುಲಿದೆಯೇ ಯಾಕೂಬ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. "ಮದ್ದನ್ನು ಸರಿಯಾಗಿ ಇಟ್ಟುಕೊಳ್ಳಲು ಆಗದಿದ್ದರೆ ನಾನು ಈ ತರಗತಿಯನ್ನು ನಡೆಸುವಂತಿಲ್ಲ. ಇಲ್ಲಿಗೇ ನಿಲ್ಲಿಸೋಣ."

ಇಪ್ಪತ್ತೆರಡು ವರ್ಷ ಮದ್ದಿನ ಪೆಟ್ಟಿಗೆಯನ್ನು ಕೂಸಿನಂತೆ ಕಾದ ಮನುಷ್ಯ. ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಟೋಪಿ ಸರಿಮಾಡಿಕೊಂಡು ಹೇಳಿದರು: "ತಪ್ಪು ನನ್ನದು ಸರ್. ಮದ್ದು ನನ್ನದು, ಹಾಗಾಗಿ ತಪ್ಪೂ ನನ್ನದು."

ಆಗ ನಾನು ಮೂಗು ಕೆರೆದುಕೊಂಡೆ. ಬೆರಳಿನಲ್ಲಿ ಬಳ್ಳೊಳ್ಳಿ. ಎದೆಯ ಮೇಲಿನ ಕುಪ್ಪಿ ನೋಡಿದೆ. ಮುಚ್ಚಳ ತೆರೆದಿತ್ತು. ಮೇಜಿನ ಮೇಲೆ ಯಾಕೂಬಾಕರ ಕುಪ್ಪಿ ಮುಚ್ಚಿದ್ದು ಮುಚ್ಚಿದ ಹಾಗೇ ಕೂತಿತ್ತು. ನನ್ನ ಕುಪ್ಪಿಯನ್ನು ಅಂಗೈಯಿಂದ ಮುಚ್ಚಿಕೊಂಡೆ!

ಸುಮ್ಮನಿದ್ದುಬಿಡಬಹುದಿತ್ತು. ಹಾಗೆಂದು ಒಂದು ಗಳಿಗೆ ಯೋಚಿಸಿದ್ದೂ ಹೌದು, ಈಗ ಹೇಳಲು ನಾಚಿಕೆಯಾಗುತ್ತದೆ. ಮುತ್ತಜ್ಜನ ವಂಶ, ಸಹಾಯಕ ಗುರು, ಇಷ್ಟು ಜನರ ಎದುರು! ತಲೆಯೆತ್ತಿದರೆ ಮಾಧುರಿ ನನ್ನನ್ನೇ ನೋಡುತ್ತಿದ್ದಾಳೆ. ಅವಳಿಗೆ ಆಗಲೇ ಗೊತ್ತಾಗಿತ್ತು. ಔಷಧದ ಬಾಟಲಿಯ ಚೀಟಿಯನ್ನು ಮೂರು ಸಲ ಓದುವವಳು ಅವಳು. ಹತ್ತಿರ ಬಂದು ನನಗಷ್ಟೇ ಕೇಳುವಂತೆ ಹೇಳಿದಳು:

"ರೀ, ನಾ ಹೇಳೂದಿಲ್ಲ. ನೀವ ಹೇಳ್ರಿ. ನೀವು ಹೇಳ್ತೀರಂತ ನನಗ ಗೊತ್ತೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿಬಿಟ್ಟಳಲ್ಲ, ಬೇರೆ ದಾರಿಯೇ ಉಳಿಯಲಿಲ್ಲ. ಕುಪ್ಪಿ ಕಳಚಿ ಮ್ಯಾನೇಜರರ ಮುಂದೆ ಹಿಡಿದೆ.

"ಸರ್, ಮದ್ದು ಸರಿಯಾಗೇ ಇದೆ. ಅದು ಕೋವಿಯೊಳಗೆ ಹೋಗೇ ಇಲ್ಲ. ಹೋಗಿದ್ದು ನಮ್ಮ ಅತ್ತೆಯವರ ಚಟ್ನಿಪುಡಿ."

ಯಾಕೂಬಾಕ ಕುಪ್ಪಿ ಮೂಸಿದರು. ಅವರ ಭುಜ ಅಲುಗಾಡಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು!

"ಮಾರಾಯ್ರೆ! ಇಪ್ಪತ್ತೆರಡು ವರ್ಷದಲ್ಲಿ ಮದ್ದು ಹಾಕಲಿಕ್ಕೆ ಮರೆತವರನ್ನು ನೋಡಿದ್ದೇನೆ, ಎರಡು ಸಲ ಹಾಕಿದವರನ್ನು ನೋಡಿದ್ದೇನೆ. ಒಗ್ಗರಣೆ ಹಾಕಿದವರನ್ನು ಇವತ್ತೇ ನೋಡಿದ್ದು!"

ಎಲ್ಲರನ್ನೂ ಹಿಂದೆ ಸರಿಸಿದರು. ಕೋವಿಯ ಹಿಂಬದಿ ಬಿಚ್ಚಿ, ಅಲ್ಲಿನ ಸಣ್ಣ ರಂಧ್ರದಿಂದ ಒಂದಿಷ್ಟು ನಿಜವಾದ ಮದ್ದು ಸೇರಿಸಿ, ತಾವೇ ಕೇಪು ಇಟ್ಟು ಎಳೆದರು. ಬುಸ್! ಗುಂಡು ಬೇಸರದಿಂದ ಹೊರಟು ಹತ್ತು ಹೆಜ್ಜೆಯಾಚೆ ಮರಳಿಗೆ ಬಿತ್ತು. ಅದರ ಹಿಂದೆ ಒಂದು ಕಪ್ಪು ಮೋಡ. ಹುರಿದ ಗುರೆಳ್ಳು, ಬಳ್ಳೊಳ್ಳಿ, ಜೀರಿಗೆ! ಇಡೀ ರೇಂಜು ಗಜೇಂದ್ರಗಡದ ಸಂತೆಯ ಖಾನಾವಳಿಯಾಯಿತು. ಮ್ಯಾನೇಜರ್ ಮೂಗರಳಿಸಿ, "ಇದು ತಿನ್ನುವುದು ಇನ್ನೂ ಇದೆಯೇ?" ಎಂದರು. ಮಾಧುರಿ ಕಾರಿಗೆ ಹೋಗಿ ರೊಟ್ಟಿ ಡಬ್ಬಿ ತಂದಳು.

ಅವರು ತಿನ್ನುತ್ತಿದ್ದಷ್ಟು ಹೊತ್ತು ಯಾಕೂಬಾಕ ಬಿಸಿನೀರಿನಿಂದ ನಳಿಗೆ ತೊಳೆದು ಒರೆಸಿದರು. ಈ ಸಲ ಹೊಸಬರೇ ಒಬ್ಬೊಬ್ಬರಾಗಿ ತುಂಬಿದರು, ನನ್ನನ್ನು ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಲಾಗಿತ್ತು. ವಿಕ್ಟರ್ ಮೊಲದ ಕಿವಿ ಹಾರಿಸಿದ. ನಾಝಿಯಾ ಕಣ್ಣು ಮುಚ್ಚದೆ ಹೊಡೆದಳು. ನನ್ನ ಆಫೀಸಿನವರಲ್ಲಿ ಇಬ್ಬರದು ತಾಗಿತು, ಒಬ್ಬನದು ತಪ್ಪಿದರೂ ತುಂಬಿ ಹೊಡೆದ ಕ್ರಮ ಸರಿಯಿತ್ತೆಂದು ಯಾಕೂಬಾಕರಿಂದ ಶಹಬ್ಬಾಸ್ ಸಿಕ್ಕಿತು. ಮಾಧುರಿ ದಿಬ್ಬದ ಹಿಂದಿನಿಂದ ಬರಿಗಾಲಲ್ಲಿ ನಡೆದು ಹೋಗಿ, ಮಂಡಿಯೂರಿ, ಒಂದೇ ಈಡಿಗೆ ಜಿಂಕೆಯ ಎದೆಗೆ ಟಣ್ ಎನ್ನಿಸಿದಳು. ಆ ಶಬ್ದಕ್ಕೆ ನನ್ನ ಕಣ್ಣು ತುಂಬಿ ಬಂತು, ಹೊಗೆಯ ನೆಪ ಹೇಳಿದೆ.

"ತರಗತಿ ಮುಂದುವರಿಯಲಿ" ಎಂದರು ಮ್ಯಾನೇಜರ್ ಕೈ ಒರೆಸಿಕೊಳ್ಳುತ್ತ. "ಮುಚ್ಚಿಡದೆ ತಪ್ಪು ಹೇಳುವ ಜನ ಇರುವ ಕಡೆ ಅಪಾಯ ಕಡಿಮೆ. ಆದರೆ ಯಾಕೂಬ್, ನಿಮ್ಮ ಸಹಾಯಕರನ್ನು ಬದಲಾಯಿಸಿ." ಅವರ ಕಣ್ಣು ಮಾಧುರಿಯ ಮೇಲಿತ್ತು. ನಾನು ಗೌರವಪೂರ್ವಕವಾಗಿ ನಿವೃತ್ತನಾದೆ.

ಅಷ್ಟು ಹೊತ್ತಿಗೆ ಗಜೇಂದ್ರಗಡದಿಂದ ಅತ್ತೆಯ ಫೋನು. ಯಾಕೂಬಾಕರೂ ಮಾತಾಡಬೇಕೆಂದರು, ಮಾಧುರಿ ಸ್ಪೀಕರ್ ಹಾಕಿದಳು. ಸುತ್ತ ಎಲ್ಲರೂ ನಿಂತಿದ್ದರು. ಮಾಧುರಿ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು.

"ನನ್ನ ಚಟ್ನಿಪುಡಿ ಕೋವಿಗೆ ಹಾಕಿದ್ರ?"

"ಹೌದವ್ವ."

"ಢಂ ಅನ್ಲಿಲ್ಲ?"

"ಇಲ್ಲವ್ವ."

ಅತ್ತೆ ನಗುತ್ತಾರೆಂದು ನಾನು ಕಾದೆ. ನಗಲಿಲ್ಲ. ಪಶ್ಚಾತ್ತಾಪದ ದನಿಯಲ್ಲಿ ಹೇಳಿದರು:

"ಅದು ನಂದ ತಪ್ಪವಾ. ಅಳಿಯಾರಿಗೆ ಖಾರ ತಿಂದ್ರ ಕಣ್ಣಾಗ ನೀರು ಬರ್ತಾವ, ಯಾರಿಗೂ ಹೇಳಬ್ಯಾಡ ಅಂತ ನೀನ ಹೇಳಿದ್ದಿಯಲ್ಲ? ಅದಕ್ಕ ಈ ಸಲ ಒಂದ ಒಂದು ಮೆಣಸಿನಕಾಯಿ ಹಾಕೇನಿ. ನಮ್ಮ ಮನಿ ಗಂಡಸರಿಗೆ ಮಾಡೂ ಹಂಗ ಮಾಡಿದ್ರ ಆ ಮೊಲ ಅಲ್ಲ, ಗುಡ್ಡಾನ ಹಾರ್ತಿತ್ತು!"